ನಾಲ್ಕು ಬೆರಳಿನ ಅಂತರ

ಸಿರುಗುಪ್ಪ
೨೦ ಫೆಬ್ರವರಿ ೨೦೨೫, ಗುರುವಾರ

ಚಿರಂಜೀವಿ ತಮ್ಮ ದೊಡ್ಡಬಸಪ್ಪನಿಗೆ,

ನಿನ್ನ ಅಕ್ಕ ವೀರಭದ್ರಮ್ಮನ ಆಶೀರ್ವಾದ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿನ್ನ ಮಗಳು ಸೌಂದರ್ಯಳೂ ಚೆನ್ನಾಗಿದ್ದಾಳೆ. ಎಷ್ಟು ಚೆನ್ನಾಗಿದ್ದಾಳೆ ಎಂದು ಹೇಳುವುದಕ್ಕೇ ಈ ಕಾಗದ. ಕುರುಗೋಡಿನಲ್ಲಿ ನೀನೂ ದುರ್ಗಾದೇವಿಯೂ ಆರಾಮವಾಗಿದ್ದೀರಿ ಎಂದುಕೊಂಡಿದ್ದೇನೆ.

ಎಂಟು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಹೊಟ್ಟೆಗೆ ಹಾಕಿಕೋ. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನಗಬೇಡ. ಫೋನಿನಲ್ಲಿ ನಾನು ಒಂದು ಮಾತು ಆಡುವಷ್ಟರಲ್ಲಿ ನೀನು ನಾಲ್ಕು ಆಡುತ್ತೀ. ಕಾಗದಕ್ಕೆ ನಡುವೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ನಮ್ಮ ಪಕ್ಕದ ಮನೆಯ ಗಾದೆಮ್ಮ ನಾಳೆ ಕುರುಗೋಡಿಗೆ ಮಗಳನ್ನು ನೋಡಲು ಬರುತ್ತಾಳೆ, ಅವಳ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ಕೊನೆಯ ಸಲ ನೀನು ಹೇಳಿದ್ದು ನನಗೆ ಬಾಯಿಪಾಠವಾಗಿದೆ. "ಮೂರು ವಾರ ಆತು ಅಕ್ಕ, ಮಂದಿ ಕೇಳಾಕ ಹತ್ಯಾರ. ಇಪ್ಪತ್ಮೂರಕ್ಕ, ಭಾನುವಾರ ಬರ್ತೀನಿ, ಆಕೀನ ಬಳ್ಳಾರಿಗೆ ಕರ್ಕೊಂಡು ಹೋಗಿ ಅಳಿಯ ಶರಣನ ಮನ್ಯಾಗ ಬಿಟ್ಟು ಬರ್ತೀನಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ಆ ಮಾತಿಗೆ ಬರುತ್ತೇನೆ. ಅದಕ್ಕೂ ಮೊದಲು ಸಿನಿಮಾದ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದೇಹೋಗುತ್ತದೆ.

ಹೌದಪ್ಪ, ಸಿನಿಮಾ! ನಮ್ಮ ಮನೆಯ ಹಿಂದಿನ ರೈಸ್ ಮಿಲ್ಲಿನಲ್ಲಿ ಹತ್ತು ದಿನದಿಂದ ಫೈಟಿಂಗ್ ಸಿನಿಮಾದ ಶೂಟಿಂಗ್! ಡೈರೆಕ್ಟರ್ ಬಳ್ಳಾರಿಯ ಹುಡುಗ, ಸತ್ಯಾತ್ಮ ಅಂತ ಹೆಸರು. ಕನ್ನಡಕ, ತೆಳ್ಳನೆ ಮೈ, ಮಾತು ಬಹಳ ಮೃದು. ಇಷ್ಟು ದಿನ ಮದುವೆಗಳ ವಿಡಿಯೊ ತೆಗೆಯುತ್ತಿದ್ದನಂತೆ. ಆ ಮದುವೆಯ ಕ್ಯಾಮೆರಾವನ್ನೂ ಹಾರುವ ಡ್ರೋನನ್ನೂ ಕಟ್ಟಿಕೊಂಡು, ಊರೂರಿನ ಹತ್ತು ಫೈಟರ್‌ಗಳನ್ನು ಕೂಡಿಸಿಕೊಂಡು ಬಂದಿದ್ದಾನೆ. ಇರುವುದು ಒಂದೇ ಬಿಳಿ ಸುಮೋ. ಹೀರೋ ಓಡಿಸುವುದೂ ಅದನ್ನೇ, ಅವನನ್ನು ಅಟ್ಟಿಸಿಕೊಂಡು ಬರುವ ವಿಲನ್ ಓಡಿಸುವುದೂ ಅದನ್ನೇ. ನಡುವೆ ಒಬ್ಬ ಓಡಿಬಂದು ನಂಬರ್ ಪ್ಲೇಟಿನ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸುತ್ತಾನೆ.

ಕುರುಗೋಡಿನ ಟೆಂಟ್ ನೆನಪಾಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಾವಿಬ್ಬರೂ ಮರಳಿನಲ್ಲಿ ಕೂತು ನೋಡಿ ಬಂದ ಫೈಟನ್ನೆಲ್ಲ ಮರುದಿನ ಹಿತ್ತಲಲ್ಲಿ ಮಾಡುತ್ತಿದ್ದೆವಲ್ಲ? ನೀನು ಕೊರಳಿಗೆ ಟವೆಲ್ ಸುತ್ತಿಕೊಂಡು ಹೀರೋ, ನಾನು ಹತ್ತು ಮಂದಿ ರೌಡಿಗಳು. ಒಬ್ಬಳೇ ಹತ್ತು ಸಲ ಬೀಳಬೇಕಿತ್ತು. ಮೊಣಕಾಲು ಸಿಪ್ಪೆ ಕಿತ್ತು ಬಂದರೂ ನಿನಗೆ ಕರುಣೆ ಇರಲಿಲ್ಲ, "ಅಕ್ಕ, ನೀ ಸರಿಯಾಗಿ ಸಾಯವಲ್ಲಿ" ಅಂತ ಮತ್ತೊಮ್ಮೆ ಬೀಳಿಸುತ್ತಿದ್ದೆ! ಇಲ್ಲಿಯೂ ಹಾಗೆಯೇ ನಡೆದಿದೆ. ಬೆಳಿಗ್ಗೆ ಗಡ್ಡ ಹಚ್ಚಿಕೊಂಡು ಸತ್ತವನು ಊಟಕ್ಕೆ ಮುಂಚೆ ಕಪ್ಪು ಕನ್ನಡಕದಲ್ಲಿ ಸಾಯುತ್ತಾನೆ, ಸಂಜೆ ತಲೆಗೆ ರುಮಾಲು ಸುತ್ತಿಕೊಂಡು ಇನ್ನೊಮ್ಮೆ. ಹೀರೋನ ಅಂಗಿ ಬಲಗಡೆ ಹರಿದಿದ್ದು ಮುಂದಿನ ಶಾಟಿಗೆ ಎಡಗಡೆ ಹರಿದಿರುತ್ತದೆ. ಹೊಡೆದಾಟ ಶುರುವಾದಾಗ ನೆರಳು ಪಡುವಣಕ್ಕೆ, ಮುಗಿಯುವಾಗ ಮೂಡಣಕ್ಕೆ! ನಾನು ಅಂಗನವಾಡಿಗೆ ಮೊಟ್ಟೆಯ ಟ್ರೇ ಹಿಡಿದು ಹಿಂದಿನಿಂದ ಹಾದು ಹೋಗುತ್ತಿರುವುದು ಒಂದೇ ಫೈಟಿನಲ್ಲಿ ಮೂರು ಸಲ ಬಂದಿದೆಯಂತೆ. ಸತ್ಯಾತ್ಮ ಕೈ ಮುಗಿದು, "ಅಮ್ಮಾ, ನಿಮ್ಮನ್ನ ತೆಗೀಲಿಕ್ಕೆ ಆಗೂದಿಲ್ಲ, ತೆಗದ್ರ ಫೈಟೇ ಹೋಗ್ತದ" ಅಂದ. ಹೋಗಲಿ, ನಿನ್ನ ಅಕ್ಕನೂ ಸಿನಿಮಾದಲ್ಲಿ ಬಂದಳು ಅನ್ನು.

ಕಥೆಗೆ ತಲೆಯಿಲ್ಲ ಬಾಲವಿಲ್ಲ, ನಾನೇ ಒಪ್ಪುತ್ತೇನೆ. ಹೀರೋ ಮಾತಾಡಿದರೆ ಕಿವಿ ಮುಚ್ಚಿಕೊಳ್ಳಬೇಕು. ಆದರೂ ಈ ಬಡ ಫೈಟಿಂಗ್ ಸಿನಿಮಾಗಳೆಂದರೆ ನನಗೆ ಪ್ರಾಣ. ದೊಡ್ಡ ಸಿನಿಮಾದಲ್ಲಿ ಕಂಪ್ಯೂಟರ್ ಬೀಳುತ್ತದೆ, ಇಲ್ಲಿ ಮನುಷ್ಯ ಬೀಳುತ್ತಾನೆ. ಭತ್ತದ ಹೊಟ್ಟಿನ ಗುಡ್ಡೆಯ ಮೇಲೆ ಬಿದ್ದು, ಎದ್ದು, ಮೈ ಕೆರೆದುಕೊಳ್ಳುತ್ತ ಮತ್ತೆ ಹತ್ತಿ ಮತ್ತೆ ಬೀಳುತ್ತಾನೆ. ಇನ್ನೊಂದು ವಿಷಯ. ಅಲ್ಲಿ ಯಾರೂ ಬಂದು ಕೂತು ಚಹಾ ಕುಡಿದು ರಾಜಿ ಮಾಡಿಸುವುದಿಲ್ಲ. ಹೊಡೆದವನಿಗೆ ಹೊಡೆತ ಬೀಳುತ್ತದೆ, ಎರಡು ಗಂಟೆಯೊಳಗೆ ಎಲ್ಲ ಇತ್ಯರ್ಥ. ನನಗೆ ಒಪ್ಪಿಗೆಯಾಗದ್ದು ಒಂದೇ. ಹೀರೋಯಿನ್ ಮೂಲೆಯಲ್ಲಿ ನಿಂತು ಅರ್ಧ ಗಂಟೆ ಚೀರುತ್ತಾಳೆ, ಆಮೇಲೆ ಹೀರೋ ಬರುತ್ತಾನೆ. "ಅಷ್ಟು ತಡಾ ಯಾಕಪ್ಪ ಬರ್ತಾನ ಆತ?" ಅಂತ ಸತ್ಯಾತ್ಮನನ್ನೇ ಕೇಳಿದೆ. "ಎಂಟ್ರಿ ಇರಬೇಕಲ್ಲಮ್ಮಾ" ಅಂದ.

ಈಗ ಮೆಣಸಿನಕಾಯಿಯ ಕಥೆ ಕೇಳು. ಹಚ್ಚೊಳ್ಳಿ ರಸ್ತೆಯ ಕಣದಲ್ಲಿ ಮೆಣಸಿನಕಾಯಿ ಒಣಗಲು ಹಾಕಿದ್ದರು. ಡ್ರೋನ್ ಮೇಲಿನಿಂದ ಅದನ್ನು ನೋಡಿ ಸತ್ಯಾತ್ಮನಿಗೆ ಹುಚ್ಚು ಹಿಡಿಯಿತು. ಹೀರೋಯಿನ್ನನ್ನು ವಿಲನ್ ಎಳೆದುಕೊಂಡು ಹೋಗುವುದು, ಹೀರೋ ಬಂದು ಬಿಡಿಸುವುದು, ಎಲ್ಲ ಆ ಕೆಂಪಿನ ಮೇಲೆಯೇ ಆಗಬೇಕು ಅಂದ. ತೊಟ್ಟು ಬಿಡಿಸುವ ಹೆಂಗಸರಿಗೆಲ್ಲ ನಮ್ಮ ಗಾದೆಮ್ಮನೇ ಮುಂದಾಳು. ಅವಳು ಎದ್ದು ಬಂದಳು.

"ಸಾರ್, ಅದು ಬಣ್ಣ ಅಲ್ರಿ, ಖಾರ. ನಾವು ಕೈಗೆ ಎಣ್ಣಿ ಹಚ್ಕೊಂಡು, ಮಾರಿಗೆ ಸೆರಗು ಕಟ್ಕೊಂಡು ಕುಂದ್ರತೀವಿ. ನೀವು ಅದರಾಗ ಉಳ್ಳಾಡ್ತೀವಿ ಅಂತೀರಿ!"

"ಎರಡೇ ನಿಮಿಷ ಅಮ್ಮಾ. ತೆರಿ ಮ್ಯಾಲೆ ಬೆಂಕಿ ಹಚ್ಚಿದಂಗ ಕಾಣ್ತದ ನೋಡ್ರಿ!"

ಬೆಂಕಿಯೇ ಹತ್ತಿತು. ಮೊದಲ ಒದೆತಕ್ಕೇ ಬೀಜ ಹಾರಿ, ಘಾಟು ಎದ್ದು, ಸಾಯಬೇಕಾದವನು ಸೀನತೊಡಗಿದ, ಕೊಲ್ಲಬೇಕಾದವನು ಅಳತೊಡಗಿದ. ಕಣ್ಣು ಉಜ್ಜಿಕೊಂಡವರ ಗತಿ ಕೇಳಬೇಡ. ಹೀರೋ ಮುಂದೆ, ವಿಲನ್ ಹಿಂದೆ, ಎಲ್ಲರೂ ಕಾಲುವೆಯ ಕಡೆ ಓಟ! "ನೀರು ಹಾಕ್ಕೊಬ್ಯಾಡ್ರೋ, ಉರಿ ಇನ್ನಷ್ಟು ಹರಡತೈತಿ! ಮಜ್ಜಿಗಿ ಹಚ್ಕೊಳ್ರಿ!" ಎಂದು ಗಾದೆಮ್ಮ ಕೂಗುತ್ತ ಬುತ್ತಿಯ ಮಜ್ಜಿಗೆಯನ್ನೆಲ್ಲ ಹಂಚಿದಳು. ಹತ್ತು ರೌಡಿಗಳು ಮುಖಕ್ಕೆ ಮಜ್ಜಿಗೆ ಬಳಿದುಕೊಂಡು ಸಾಲಾಗಿ ಕೂತಿದ್ದರು. ಸತ್ಯಾತ್ಮನ ಕಣ್ಣಿನಿಂದಲೂ ಧಾರೆ. ಆದರೂ ಕ್ಯಾಮೆರಾದವನಿಗೆ, "ವಿಲನ್ ಅಳೂದು ಬಂತೇನು? ಅದನ್ನ ಕೊನಿಗೆ ಪಶ್ಚಾತ್ತಾಪಕ್ಕ ಇಟ್ಕೊ" ಅಂದನಲ್ಲ! ಆ ಹುಡುಗ ಬದುಕುತ್ತಾನೆ ಬಿಡು.

ಆದರೆ ಹೀರೋಯಿನ್ ಬದುಕಲಿಲ್ಲ. ಅಂದರೆ ಸಿನಿಮಾಕ್ಕೆ ಉಳಿಯಲಿಲ್ಲ. ಕಣ್ಣು ಊದಿದ ಮಗಳನ್ನು ಅವಳ ತಾಯಿ ಅಂದೇ ಕಾರಿನಲ್ಲಿ ಕೂರಿಸಿಕೊಂಡು ಬಳ್ಳಾರಿಗೆ ಹೊರಟುಹೋದಳು. ಅವಳ ಮುಖದ ಶಾಟ್‌ಗಳೆಲ್ಲ ಮುಗಿದಿದ್ದವು, ಮಿಲ್ಲಿನೊಳಗೆ ರೌಡಿಗಳಿಂದ ತಪ್ಪಿಸಿಕೊಂಡು ಮೂಟೆಗಳ ಮೇಲಿಂದ ಹೊಟ್ಟಿಗೆ ಹಾರುವುದೊಂದು ಉಳಿದಿತ್ತು. ಇಂಥ ಕಡೆ ಗಂಡಸು ಫೈಟರಿಗೇ ಉದ್ದ ಕೂದಲು ಕಟ್ಟಿ, ಚೂಡಿದಾರ ತೊಡಿಸಿ, ಬೆನ್ನ ಹಿಂದಿನಿಂದ ತೋರಿಸಿಬಿಡುತ್ತಾರಂತೆ. ಸಣ್ಣ ಮೈಯವನು ಒಬ್ಬನೇ ಇದ್ದ, ಅವನಿಗೋ ಗಿರಿಜಾ ಮೀಸೆ. ಪಕ್ಕದಿಂದ ನೋಡಿದರೂ ಕಾಣುತ್ತಿತ್ತು. "ಮುಂದಿನ ತಿಂಗಳು ನನ್ನ ಮದುವಿ ಐತ್ರಿ, ಮೀಸಿ ಮಾತ್ರ ಕೇಳಬ್ಯಾಡ್ರಿ" ಎಂದು ಹಟ ಹಿಡಿದ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಸೌಂದರ್ಯ ಮೆಲ್ಲಗೆ, "ಅತ್ತಿ, ನಾ ಹಾರಲೇನು?" ಅಂದಳು.

ಅವಳು ಹೈಸ್ಕೂಲಿನಲ್ಲಿ ತಾಲ್ಲೂಕು ಕಬಡ್ಡಿ ಟೀಮಿನಲ್ಲಿ ಆಡಿದವಳು ಎಂಬುದು ನನಗೂ ಮರೆತೇ ಹೋಗಿತ್ತು. ನನ್ನ ಮನೆಗೆ ಬಂದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು, ಬಸಪ್ಪ.

ಫೈಟ್ ಮಾಸ್ತರ್ ಎರ್ರಿಸ್ವಾಮಿ ಅಂತ, ರಾರಾವಿಯವರು, ಅರವತ್ತರ ಹತ್ತಿರ ವಯಸ್ಸು. ಎಲ್ಲರೂ ಎರ್ರಿ ಮಾಸ್ತರ್ ಅನ್ನುತ್ತಾರೆ. ಅವರು ತಾಲೀಮು ಶುರುಮಾಡಿದರು. "ನಾ ಹಿಂಗ ಕೈ ಎತ್ತತೀನಿ, ನೀ ಬಗ್ಗಬೇಕು" ಎಂದು ಕೈ ಎತ್ತಿದ್ದಷ್ಟೇ. ನಿನ್ನ ಮಗಳು ಬಗ್ಗಲಿಲ್ಲ, ನಿಂತಲ್ಲೇ ಕುಸಿದಳು. ಎರಡೂ ತೋಳಿನಿಂದ ತಲೆ ಮುಚ್ಚಿಕೊಂಡು, ಮೊಣಕಾಲಿಗೆ ಮುಖ ಒತ್ತಿಕೊಂಡು, ಇಷ್ಟೇ ಇಷ್ಟಾಗಿಬಿಟ್ಟಳು. "ಇಲ್ರಿ, ಇಲ್ರಿ, ಇನ್ನೊಮ್ಮೆ ಮಾಡಂಗಿಲ್ರಿ" ಅನ್ನುತ್ತಿದ್ದಳು. ತೋಳಿನ ಕಂದುಗಟ್ಟಿದ ಕಲೆ ನೋಡಿ ಕೇಳಿದಾಗ ಬಾವಿಕಟ್ಟೆಯಲ್ಲಿ ಜಾರಿದೆ ಎಂದಿದ್ದಳು ನನಗೆ. ನಿನಗೂ ಅದನ್ನೇ ಹೇಳಿದ್ದಾಳೆ. ಬಳ್ಳಾರಿಯ ಆ ಮೂರನೆಯ ಮಹಡಿಯಲ್ಲಿ ಬಾವಿ ಎಲ್ಲಿದೆ ಎಂದು ನಾವಿಬ್ಬರೂ ಕೇಳಲಿಲ್ಲ.

ಎರ್ರಿ ಮಾಸ್ತರ್ ಅವಳ ಹತ್ತಿರ ಹೋಗಲಿಲ್ಲ. ಅಷ್ಟು ದೂರದಲ್ಲೇ ನೆಲಕ್ಕೆ ಕೂತರು. "ಯವ್ವಾ, ಮೂವತ್ತು ವರ್ಸ ಆತು ನಾ ಹೊಡದಾಟ ಮಾಡಿಸಾಕ ಹತ್ತಿ. ಒಬ್ಬರಿಗೂ ಪೆಟ್ಟು ಬಿದ್ದಿಲ್ಲ. ನಮ್ಮ ವಿದ್ಯಾ ಏನೈತಿ, ಎಲ್ಲಾ ಈ ನಾಕು ಬಳ್ಳಿನ ಅಂತರದಾಗ ಐತಿ" ಎಂದು ಬೆರಳು ತೋರಿಸಿದರು. "ಕೈ ಮಾರಿಯಿಂದ ನಾಕು ಬಳ್ಳು ಆಚೀಗೆ ನಿಂತು ಹೋಗಬೇಕು. ತಾಗಿಸಿದಾಂವ ಫೈಟರ್ ಅಲ್ಲ, ಹೇಡಿ. ಮೊದ್ಲು ನೀ ಹೊಡಿ ನನಗ."

ಅವಳು ಬಹಳ ಹೊತ್ತಿಗೆ ಎದ್ದಳು. ಕೈ ಬೀಸಿದಳು, ಮಾಸ್ತರ್ "ಅಯ್ಯಯ್ಯಪ್ಪೋ!" ಎಂದು ಮೂರು ಉರುಳು ಉರುಳಿ ಹೋದರು. ಅವಳಿಗೆ ನಗು ಬಂತು. ಇನ್ನೊಂದು ಬೀಸಿದಳು. ಆಮೇಲೆ ನೋಡಬೇಕಿತ್ತು ನೀನು! ಎರಡು ದಿನ ತಾಲೀಮು, ಮೂರನೆಯ ದಿನ ಶೂಟಿಂಗ್. ಕಾಲೆತ್ತಿದಳೆಂದರೆ ಎಂಟು ಗಂಡಸರು ಎಂಟು ದಿಕ್ಕಿಗೆ! ಒಬ್ಬ ಅವಸರದಲ್ಲಿ ಅವಳು ಒದೆಯುವ ಮೊದಲೇ ಹಾರಿಬಿದ್ದ. ಸತ್ಯಾತ್ಮ, "ಇರಲಿ, ಗಾಳಿ ಬಡಿದು ಬಿದ್ದಾನ" ಎಂದು ಅದನ್ನೂ ಇಟ್ಟುಕೊಂಡ. ಕೊನೆಗೆ ಹದಿನಾರು ಮೂಟೆಯ ಎತ್ತರದಿಂದ, ಜಡೆ ಹಾರಿಸಿಕೊಂಡು ಹೊಟ್ಟಿನ ಗುಡ್ಡೆಗೆ ಒಂದೇ ನೆಗೆತ! ನಾನು ಮೊಟ್ಟೆಯ ಟ್ರೇ ಕೆಳಗಿಟ್ಟು ಸೀಟಿ ಹೊಡೆದೆ. ಐವತ್ತೊಂದು ವರ್ಷದ ಅಂಗನವಾಡಿ ಟೀಚರ್ ಎಲ್ಲರೆದುರು ಸೀಟಿ ಹೊಡೆದಳು ಎಂದು ಗಾದೆಮ್ಮ ನಿನಗೆ ಹೇಳಿಯೇ ಹೇಳುತ್ತಾಳೆ, ನಾನೇ ಹೇಳಿಬಿಟ್ಟೆ. ಹೀರೋನ ಎಂಟ್ರಿಯನ್ನೇ ಸತ್ಯಾತ್ಮ ತೆಗೆದುಹಾಕಿದ. ಅವನು ಬರುವಷ್ಟರಲ್ಲಿ ಹೊಡೆಯಲು ಯಾರೂ ಉಳಿದಿರಲಿಲ್ಲ.

ಮೈಯೆಲ್ಲ ಹೊಟ್ಟು ಅಂಟಿಸಿಕೊಂಡು ಬಂದು ಅವಳು ನನ್ನ ಪಕ್ಕ ಕೂತಳು. "ಅತ್ತಿ, ಎಂಟು ಮಂದಿ ಮ್ಯಾಲೆ ಬಂದ್ರು. ಒಬ್ಬರ ಉಗುರು ಸೈತ ತಾಗಲಿಲ್ಲ" ಅಂದಳು. ಆಮೇಲೆ ಅತ್ತಳು. ಅತ್ತು, ಮುಖ ತೊಳೆದು, ನಾಲ್ಕು ರೊಟ್ಟಿ ತಿಂದಳು. "ನಾ ಬಳ್ಳಾರಿಗೆ ಹೋಗಂಗಿಲ್ಲ. ಅಪ್ಪಗ ನೀನ ಹೇಳು, ನಾ ಹೇಳಿದ್ರ ಆತ ನನ್ನ ಮಾತು ಮುಗಿಯಾಕ ಬಿಡಂಗಿಲ್ಲ" ಅಂದಳು. ಅದಕ್ಕೇ ಹೇಳುತ್ತಿದ್ದೇನೆ. ಮುಂದೆ ಏನು ಮಾಡುತ್ತಾಳೆ ಎಂದು ಅವಳಿಗೂ ತಿಳಿಯದು, ನನಗೂ ತಿಳಿಯದು. ಇರಲಿಕ್ಕೆ ನನ್ನ ಮನೆ ಇದೆ.

ಭಾನುವಾರ ಬಾ. ಸೌಂದರ್ಯ ಹಾರಿದ್ದನ್ನು ಸತ್ಯಾತ್ಮ ನನ್ನ ಮೊಬೈಲಿಗೆ ಹಾಕಿಕೊಟ್ಟಿದ್ದಾನೆ, ಕೂತು ನೋಡೋಣ. ಉಂಡು ಹೋಗು. ಅವಳ ಚೀಲವನ್ನು ಮಾತ್ರ ಮುಟ್ಟಬೇಡ.

ದೇವರು ನಿನಗೂ ದುರ್ಗಾದೇವಿಗೂ ಆಯುಷ್ಯ, ಆರೋಗ್ಯ ಕೊಡಲಿ, ಹೊಲ ಮನೆ ತುಂಬಿರಲಿ, ನಿನ್ನ ಸಿಟ್ಟು ಸ್ವಲ್ಪ ಇಳಿಯಲಿ. ದುರ್ಗಾದೇವಿ ಇದನ್ನು ಓದಿ ಅತ್ತರೆ ಬಯ್ಯಬೇಡ.

ಇಂತಿ ನಿನ್ನ ಅಕ್ಕ,
ವೀರಭದ್ರಮ್ಮ

ತಾ.ಕ.: ಕಾಗದ ಮಡಿಸಿ ಗಾದೆಮ್ಮನಿಗೆ ಕೊಟ್ಟವಳು ಮತ್ತೆ ಇಸಿದುಕೊಂಡು ಬಂದೆ. ಕಾಲುವೆಯಲ್ಲಿ ಈಜುವಾಗ ನೀರು ಹೋಗಿ ನನ್ನ ಎಡಗಿವಿ ಕೆಟ್ಟಿತೆಂದು ನಿನಗೂ ಅಪ್ಪನಿಗೂ ನಾನೇ ಹೇಳಿದ್ದೆ. ಅದು ಸುಳ್ಳು. ಇಪ್ಪತ್ತೇಳು ವರ್ಷದ ಹಿಂದೆ ನಾನು ತವರಿಗೆ ಬಂದು ಕೂತಾಗ ನೀನು ನನ್ನನ್ನು ಹಚ್ಚೊಳ್ಳಿಯ ಗಂಡನ ಮನೆಗೆ ವಾಪಸು ಬಿಟ್ಟು ಬಂದೆಯಲ್ಲ, ಆ ದಿನದ್ದು ಅದು. ನಮ್ಮ ಯಜಮಾನರು, ನಿನ್ನ ಮಾವ, ನಿನಗೆ ಎದುರು ಕೂತು ಹೋಳಿಗೆ ಬಡಿಸಿದರು. "ಮಾವ ಭಾಳ ಚಲೋ ಮನುಷ್ಯ ಅದಾನ, ನೀನ ಹೊಂದ್ಕೊಂಡು ಹೋಗಬೇಕು ಅಕ್ಕ" ಎಂದು ಹೇಳಿ ನೀನು ನಾಲ್ಕು ಗಂಟೆಯ ಬಸ್ಸು ಹತ್ತಿದೆ. ಬಸ್ಸು ಇನ್ನೂ ಕಾಲುವೆಯ ಸೇತುವೆ ದಾಟಿರಲಿಲ್ಲ, ಅವರ ಕೈ ಬಿತ್ತು. ತಿರುವಿನಲ್ಲಿ ಬಸ್ಸು ಹಾರ್ನ್ ಹಾಕುತ್ತಿತ್ತು. ಎಡಗಿವಿ ಕೇಳಿದ ಕೊನೆಯ ಸದ್ದು ಅದು. ಆಗ ನಿನಗೆ ಇಪ್ಪತ್ತೊಂದು ವರ್ಷ. ಅಪ್ಪ ಹೇಳಿದ, ನೀನು ಮಾಡಿದೆ. ಒಂದು ದಿನವೂ ನಾನು ನಿನ್ನನ್ನು ದೂರಿಲ್ಲ. ಆದರೆ ಈಗ ಅಪ್ಪ ನೀನೇ.