ಇಪ್ಪತ್ತೇಳು, ಹಾಜರು

ನವೆಂಬರ್ 4, ಸೋಮವಾರ. ಬೆಳಿಗ್ಗೆ, ಬಸ್ಸಿನಲ್ಲಿ

ನಲ್ಲಿಯ ಮುಂದೆ ಇವತ್ತೂ ಅದೇ ಸಾಲು. ಸಾಲಿನಲ್ಲಿ ನಿಂತೇ ಮಗಳಿಗೆ ಜಡೆ ಹಾಕಿದೆ. ಯೂನಿಫಾರ್ಮ್ ಹಾಸಿಗೆಯಡಿ ಮಡಿಸಿಟ್ಟಿದ್ದೆ, ಇಸ್ತ್ರಿ ಮಾಡಿದಂತೆ ಕೂತಿದೆ. ನಮ್ಮ ಕಟ್ಟಡ ಬಿರುಕು ಬಿಟ್ಟು ಬೀಗ ಬಿದ್ದ ಮೇಲೆ ಎಲ್ಲರನ್ನೂ ತಂದು ಹಾಕಿದ್ದು ಊರಿನ ಈ ತುದಿಯ ಸಮುದಾಯ ಭವನದ ಹಾಲ್‌ಗೆ. ಶಾಲೆ ಆ ತುದಿಗೆ. ಇರಲಿ. ಎರಡು ಬಸ್ಸು. ಅವಳು ಓದುತ್ತಾಳೆ, ನಾನು ಶರ್ಟುಗಳಿಗೆ ಗುಂಡಿ ಹೊಲಿಯುತ್ತೇನೆ. ಅಂಗಡಿಯವರಿಗೆ ಗುಂಡಿ ಸೇರಿದರೆ ಆಯಿತು, ಎಲ್ಲಿ ಕೂತು ಹೊಲಿದೆ ಎಂದು ಯಾರೂ ಕೇಳುವುದಿಲ್ಲ. ಪಕ್ಕದವರಿಗೆ ಸೂಜಿ ಚುಚ್ಚದಿದ್ದರೆ ಸಾಕು.

ಅದೇ ದಿನ, ಮಧ್ಯಾಹ್ನ

ಪಿತ್ತ ನೆತ್ತಿಗೇರಿದೆ. ಅಕ್ಷರವೆಲ್ಲ ಸೊಟ್ಟ.

ಹೆಡ್ ಮೇಡಂ ಕರೆಸಿ ಅಡ್ರೆಸ್ ಪ್ರೂಫ್ ಕೇಳಿದರು. ಹಾಲ್ ಎಂದೆ. ಹಾಲ್ ವಿಳಾಸ ಅಲ್ಲವಂತೆ. ಆ ಕಡೆಯವರೆಲ್ಲ ಆ ಕಡೆಯ ಶಾಲೆಗೇ ಹೋಗಬೇಕಂತೆ. ಮುಂದಿನ ತಿಂಗಳು ಹಾಲ್‌ನಿಂದಲೂ ಎಬ್ಬಿಸುತ್ತಾರೆ, ಆಗ ಇನ್ನೊಂದು ಶಾಲೆ, ಆಮೇಲೆ ಮತ್ತೊಂದು... ಮಗು ಏನು ಪಾರ್ಸೆಲ್ಲೇ? ಕೇಳಿಯೇಬಿಟ್ಟೆ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ತಮಗೂ ಮೇಲಿನವರಿದ್ದಾರೆ ಎಂದರು. ಪ್ರೂಫ್ ತರುವವರೆಗೆ ಕ್ಲಾಸಿಗೆ ಬಿಡುವುದಿಲ್ಲ, ಹಾಜರಿ ಇಲ್ಲ. ಹಾಜರಿ ಕಡಿಮೆಯಾದರೆ ಪರೀಕ್ಷೆಯೂ ಇಲ್ಲ. ಏಳನೇ ಕ್ಲಾಸು ಅಲ್ಲಿಗೇ ಮುಗಿಯಿತು ಎಂದು ಲೆಕ್ಕ.

ನಮ್ಮ ಮೇಲಿನ ಮಹಡಿಯಲ್ಲಿದ್ದ ನರ್ಸಮ್ಮನ ಇಬ್ಬರು ಹೆಣ್ಣುಮಕ್ಕಳಿಗೂ ಹೋದ ವಾರ ಇದೇ ಮಾತು. ಅವಳು ಅಳುತ್ತಾ ವಾಪಸ್ಸು ಹೋದಳು.

"ಮನೆ ಹೋಯ್ತು ಮೇಡಂ. ಶಾಲೆ ಬಿಡಲ್ಲ" ಎಂದೆ. ಹೊರಗೆ ಬಂದು ಆಫೀಸಿನ ಎದುರಿನ ಬೆಂಚಿನ ಮೇಲೆ ಕೂತೆ. ಇಲ್ಲಿಂದಲೇ ಬರೆಯುತ್ತಿದ್ದೇನೆ. ಜಪ್ಪಯ್ಯ ಅಂದರೂ ಏಳುವುದಿಲ್ಲ.

ನವೆಂಬರ್ 5

ಶಿಕ್ಷಣ ಇಲಾಖೆಗೆ ಹೋಗಿದ್ದೆ. ಕಿಟಕಿಯಿಂದ ಕಿಟಕಿಗೆ ಓಡಿಸಿದರು. ಕೊನೆಗೊಬ್ಬಳು, ಊಟದ ಡಬ್ಬಿ ಮುಚ್ಚಿಟ್ಟು, ಸರಿಯಾಗಿ ಕೇಳಿಸಿಕೊಂಡಳು. "ಮನೆ ಕಳ್ಕೊಂಡ ಮಗೂನ ಓದ್ತಿರೋ ಶಾಲೆಯಿಂದ ತೆಗೆಯೋ ಹಾಗಿಲ್ಲಮ್ಮ. ಅಡ್ರೆಸ್ ಇಲ್ಲ ಅಂತ ಹೊರಗೆ ನಿಲ್ಲಿಸೋ ಹಾಗೂ ಇಲ್ಲ." ಎರಡು ಸಲ ಹೇಳಿಸಿದೆ. ಬಾಯಿಪಾಠ ಮಾಡಿಕೊಂಡೆ. ಶಾಲೆಗೆ ಆದೇಶ ಕಳಿಸುತ್ತಾರಂತೆ. ಯಾವಾಗ? ಸಾಹೇಬರು ಊರಲ್ಲಿಲ್ಲ.

ಮೇಡಂ ಮುಂದೆ ಬಾಯಿಪಾಠ ಒಪ್ಪಿಸಿದೆ. ಆದೇಶ ಬರಲಿ, ನೋಡೋಣ ಎಂದರು. ಬರುವವರೆಗೆ? ಇನ್ನೊಂದು ಫೈಲು ಎಳೆದುಕೊಂಡರು.

ನವೆಂಬರ್ 6

ನನ್ನ ಮಗಳು ನನ್ನನ್ನೂ ಮೀರಿಸಿದಳು!

ಬೆಂಚಿನಲ್ಲಿ ಕೂತು ಬೇಜಾರಾಗಿ ಚೀಲ ಎತ್ತಿಕೊಂಡು ಹೋದಳು. ಅವಳ ಕ್ಲಾಸಿನ ಕಿಟಕಿ ಇದೇ ಪಡಸಾಲೆಗೆ ತೆರೆಯುತ್ತದೆ. ಅದರ ಕೆಳಗೆ ಚಕ್ಕಂಬಕ್ಕಳ ಹಾಕಿ ಕೂತಳು. ಒಳಗೆ ಕ್ಲಾಸ್ ಟೀಚರ್ ಹಾಜರಿ ನಂಬರ್ ಕರೆಯುತ್ತಿದ್ದರು. ಇಪ್ಪತ್ತಾರು ಆದ ಮೇಲೆ ಇಪ್ಪತ್ತೆಂಟು. ಮೇಡಂ ಹೇಳಿಕೊಟ್ಟಿದ್ದಾರೆ, ಇನ್ನೇನು. ನಮ್ಮವಳು ಹೊರಗಿನಿಂದ, ಇಡೀ ಪಡಸಾಲೆಗೆ ಕೇಳುವಂತೆ — "ಇಪ್ಪತ್ತೇಳು, ಹಾಜರು!"

ಒಳಗೆ ಗೊಳ್ಳೆಂದು ನಗು. ಟೀಚರ್ ಚಿಕ್ಕ ವಯಸ್ಸಿನವರು, ಈ ವರ್ಷವೇ ಸೇರಿದ್ದು. ತಲೆ ಎತ್ತಲಿಲ್ಲ. ಕಿಟಕಿಯನ್ನೂ ಮುಚ್ಚಲಿಲ್ಲ. ಮಗಳು ಅಲ್ಲೇ ಕೂತು ಇಡೀ ದಿನದ ಪಾಠ ಬರೆದುಕೊಂಡಳು. ಬೋರ್ಡ್ ಕಾಣಿಸುವುದಿಲ್ಲ. ಕೇಳಿ ಬರೆದದ್ದು.

ನವೆಂಬರ್ 8

ಬೆಂಚು ಮಾಯ. ಬಣ್ಣ ಹೊಡೆಯಲು ಕಳಿಸಿದ್ದಾರೆಂದು ಜವಾನ ನೆಲ ನೋಡುತ್ತಾ ಹೇಳಿದ. ಅವನ ಜಾಕೆಟ್ಟಿನ ಜಿಪ್ ಕೆಟ್ಟಿತ್ತು. ಇತ್ತ ಕೊಡಪ್ಪಾ ಎಂದು ಇಸಿದುಕೊಂಡು ಸರಿ ಮಾಡಿಕೊಟ್ಟೆ. ಹೊಲಿಯುವ ಶರ್ಟುಗಳ ಗಂಟಿನ ಮೇಲೆ ಕೂತಿದ್ದೇನೆ. ಬೆಂಚಿಗಿಂತ ಮೆತ್ತಗಿದೆ. ನಾಳೆ ಇದನ್ನೂ ಬಣ್ಣಕ್ಕೆ ಕಳಿಸಲಿ, ನೆಲ ಇದೆ.

ಇವತ್ತು ಟೀಚರ್ ಇಪ್ಪತ್ತಾರು ಕರೆದು ಒಂದು ಗಳಿಗೆ ನಿಂತರು. ಇವಳು ಕೂಗಿದ ಮೇಲೆ ಇಪ್ಪತ್ತೆಂಟು ಎಂದರು. ನಾನು ಕಿವಿಯಾರೆ ಕೇಳಿದೆ.

ನವೆಂಬರ್ 10, ಭಾನುವಾರ

ಅಣ್ಣ ಬಂದಿದ್ದ. ಹಾಲ್ ಒಳಗೆ ಕಾಲಿಡಲಿಲ್ಲ, ಗೇಟಿನಲ್ಲೇ ಮಾತು. ಅವನ ಮನೆ ಶಾಲೆಗೆ ಕೂಗಳತೆ. ತನ್ನ ಅಡ್ರೆಸ್ ಕೊಡುತ್ತೇನೆ, ಎಲ್ಲ ಮುಗಿಯಿತು ಎಂದ. ನನಗೆ ಅಳುವೇ ಬಂತು. ಆಮೇಲೆ ಬಾಲ ಹೊರಗೆ ಬಂತು. ಮಗಳು ಅವರ ಮನೆಯಲ್ಲೇ ಇರಬೇಕು. ಅತ್ತಿಗೆಗೆ ಅವಳಿ ಕೂಸು, ಕೈ ಸಾಲುವುದಿಲ್ಲ. ಶಾಲೆಗೆ ಬಿಡುವಾದಾಗ ಹೋಗಲಿ. ನನಗೆ ಅಲ್ಲಿ ಜಾಗ ಇಲ್ಲ.

ಸುಳ್ಳು ಯಾಕೆ, ಮನಸ್ಸು ಹೊಯ್ದಾಡಿತು. ಒಂದು ಸಹಿ, ಈ ಎರಡು ಬಸ್ಸು ಇಲ್ಲ, ಆ ನಲ್ಲಿ ಇಲ್ಲ. ಮಗಳನ್ನೇ ಕೇಳಿದೆ.

"ಅಲ್ಲಿ ನೀನಿರ್ತೀಯಾ ಅಮ್ಮಾ?"

ಇಲ್ಲ ಎಂದೆ.

"ಹಾಗಾದ್ರೆ ಕಿಟಕಿ ಹತ್ರಾನೇ ಇರ್ತೀನಿ."

ಗೇಟಿಗೆ ಹೋಗಿ ಅಣ್ಣನಿಗೆ ಹೇಳಿದೆ. "ಆಯಾ ಬೇಕಿದ್ರೆ ಸಂಬಳ ಕೊಟ್ಟು ಇಟ್ಕೋ ಅಣ್ಣ. ನನ್ನ ಮಗಳು ಓದೋಳು." ಮುಖ ಗಂಟಿಕ್ಕಿಕೊಂಡು ಹೋದ. ಹೋಗಲಿ. ಒಡಹುಟ್ಟಿದವನು, ಆದರೂ ಹೋಗಲಿ.

ನವೆಂಬರ್ 13

ಮಗಳಿಗೆ ಗಂಟಲು ಕಟ್ಟಿದೆ. ಹಾಲ್‌ನ ತಣ್ಣನೆ ನೆಲ. ಇವತ್ತು ಬೇಡ ಎಂದರೂ ಕೇಳಲಿಲ್ಲ. ಒಂದು ದಿನ ಬಿಟ್ಟರೆ ಅವರಿಗೇ ಅನುಕೂಲವಂತೆ. ಯಾರ ಮಗಳು!

ಹಾಜರಿ. ಇಪ್ಪತ್ತಾರು. ಟೀಚರ್ ನಿಂತರು. ಇವಳು ಬಾಯಿ ತೆರೆದಳು, ಬರೀ ಗಾಳಿ. ನಾನು ಕೂಗಬೇಕು ಎಂದರೆ ತುಟಿಗಳ ನಡುವೆ ಸೂಜಿ. ನನ್ನ ಗ್ರಹಚಾರ! ಅದನ್ನು ತೆಗೆಯುವಷ್ಟರಲ್ಲಿ ಕಿಟಕಿಯಿಂದ ಟೀಚರ್ ತಲೆ ಹೊರಗೆ ಬಂತು.

"ಇಪ್ಪತ್ತೇಳು?"

ಮಗಳು ಕೈ ಎತ್ತಿದಳು. ಹಾಜರು ಎಂದು ಟೀಚರೇ ಹೇಳಿ ಪುಸ್ತಕದಲ್ಲಿ ಬರೆದುಕೊಂಡರು. ಆಗಲೇ ಪಡಸಾಲೆಯ ಕೊನೆಯಿಂದ ಹೆಡ್ ಮೇಡಂ ಬಂದದ್ದು. ಇದೇನು ಎಂದು ಕೇಳಿದರು. ಟೀಚರ್ ಮುಖ ಬಿಳಿಚಿಕೊಂಡಿತ್ತು, ಪಾಪ. ಆದರೂ ಹಾಜರಿ ಪುಸ್ತಕವನ್ನು ಕಿಟಕಿಯಿಂದಲೇ ಮೇಡಂ ಕೈಗೆ ಕೊಟ್ಟರು.

"ಕಣ್ಣೆದುರಿಗೆ ಕೂತಿರೋ ಮಗೂನ ಆಬ್ಸೆಂಟ್ ಅಂತ ನಾನು ಬರೆಯಲ್ಲ ಮೇಡಂ. ಬೇಕಿದ್ರೆ ನೀವೇ ಬರೀರಿ."

ಮೇಡಂ ಪೆನ್ನು ತೆಗೆದರು. ಕೆಳಗೆ ಕೂತ ನನ್ನ ಮಗಳನ್ನು ನೋಡಿದರು. ಇವಳೂ ನೋಡಿದಳು, ರೆಪ್ಪೆ ಬಡಿಯದೆ. ಪೆನ್ನು ಮುಚ್ಚಿ, ಪುಸ್ತಕ ವಾಪಸ್ಸು ಕೊಟ್ಟು, ಹೋದರು.

ನವೆಂಬರ್ 15

ಮೇಡಂ ತಾವೇ ನನ್ನ ಗಂಟಿನ ಹತ್ತಿರ ಬಂದರು. ಸೋಮವಾರದಿಂದ ಮಗಳು ಒಳಗೆ ಕೂರಬಹುದು. ಆದೇಶ ಬರುವವರೆಗೆ, ತಾತ್ಕಾಲಿಕ. ನಾನು ಗಂಟು ಎತ್ತಿಕೊಂಡು ಹೋಗಬೇಕು. ಆಮೇಲೆ ದನಿ ತಗ್ಗಿಸಿದರು. "ಹಾಲ್‌ನಲ್ಲಿ ಯಾರಿಗೂ ಹೇಳೋಕೆ ಹೋಗ್ಬೇಡಿ. ಎಲ್ಲರೂ ಬಂದು ಕೂತ್ರೆ ನಾನೇನು ಮಾಡ್ಲಿ?"

ಆಗಲಿ ಎನ್ನಲಿಲ್ಲ. ನೂಲು ಕಡಿದೆ.

ಸಂಜೆ ನಲ್ಲಿಯ ಸಾಲಿನಲ್ಲಿ, ಬಿಂದಿಗೆ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ. ಇಲಾಖೆಯವಳು ಹೇಳಿದ್ದು, ಬೆಂಚು, ಕಿಟಕಿ, ಎಲ್ಲ. ನರ್ಸಮ್ಮ ಮೂರು ಸಲ ಕೇಳಿದಳು, ನಿಜವಾಗಿಯೂ ತೆಗೆಯೋ ಹಾಗಿಲ್ವಾ ಎಂದು. ಬಾಯಿಪಾಠ ಮಾಡಿಸಿದೆ.

ನವೆಂಬರ್ 18, ಸೋಮವಾರ. ಬೆಳಿಗ್ಗೆ

ಆದೇಶ ಇನ್ನೂ ಬಂದಿಲ್ಲ. ಬೆಂಚು ಬಂದಿದೆ. ಜವಾನ ತಾನಾಗಿಯೇ ಹೊತ್ತು ತಂದಿಟ್ಟ. ಬಣ್ಣದ ಸುಳಿವೂ ಇಲ್ಲ.

ಮಗಳು ಒಳಗಿದ್ದಾಳೆ, ತನ್ನ ಹಳೇ ಜಾಗದಲ್ಲೇ. ಬೋರ್ಡ್ ಕಾಣಿಸುತ್ತದೆ. ನಾನು ಎದ್ದು ಹೋಗಬಹುದಿತ್ತು. ಪಕ್ಕದಲ್ಲಿ ನರ್ಸಮ್ಮ, ಪಾಳಿ ಮುಗಿಸಿ ನೇರ ಬಂದಿದ್ದಾಳೆ. ತೂಕಡಿಸುತ್ತಲೇ ನನ್ನ ಸೂಜಿಗೆ ನೂಲು ಪೋಣಿಸಿಕೊಡುತ್ತಿದ್ದಾಳೆ. ಅವಳ ದೊಡ್ಡವಳು ಎಂಟನೇ ಕ್ಲಾಸಿನ ಕಿಟಕಿಯ ಕೆಳಗೆ, ಚಿಕ್ಕವಳು ನಾಲ್ಕನೆಯದರ ಕೆಳಗೆ. ಮೇಡಂ ಬಂದು, ನಿಮ್ಮ ಮಗಳು ಒಳಗೆ ಹೋದಳಲ್ಲ, ಇನ್ನೇನು ಎಂದರು.

"ಇನ್ನಿಬ್ಬರು ಹೊರಗಿದ್ದಾರಲ್ಲ ಮೇಡಂ."

ಆಫೀಸಿನ ಬಾಗಿಲಲ್ಲೇ ನಿಂತಿದ್ದಾರೆ. ನಿಲ್ಲಲಿ. ಬೆಲ್ ಆಯಿತು. ನಮ್ಮವಳ ಕ್ಲಾಸಿನಲ್ಲಿ ಇಪ್ಪತ್ತೇಳು ಕರೆದರು. ದನಿ ಇನ್ನೂ ಒಡಕು, ಆದರೂ ಕೇಳಿಸಿತು. ಈಗ ಎಂಟನೆಯದು ಶುರು. ದೊಡ್ಡವಳ ನಂಬರ್ ಹನ್ನೆರಡು. ಒಂಬತ್ತು... ಹತ್ತು... ಹುಡುಗಿ ಎದ್ದು ನಿಂತಳು. ಹನ್ನೊಂದು. ನರ್ಸಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದಾಳೆ, ಬರೆಯಲು ಆಗು...