ಆನೆಯ ಸೀನು

ಮನೆಯಿಂದ,
ಜೂನ್ ೧೧, ಗುರುವಾರ ಸಂಜೆ

ನನ್ನ ಮುದ್ದಿನ ಮುನಿಸಮ್ಮಾ,

ಹೇಗಿದ್ದೀಯೇ? ಸೊಂಟನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಕಾರ್ಖಾನೆಯ ಕ್ಯಾಂಟೀನಿನ ಟೀ ಕುಡಿದೇ ದಿನ ತಳ್ಳುತ್ತೀಯೋ? ಅಕ್ಕನಿಗೆ ಈಗ ನೆನಪಾಯಿತೇ ಎಂದು ನೀನು ಮೂತಿ ತಿರುಗಿಸುವುದು ಇಲ್ಲಿಂದಲೇ ಕಾಣುತ್ತಿದೆ. ತಿರುಗಿಸು, ಆದರೆ ಕಾಗದ ಹರಿಯಬೇಡ. ಅಮ್ಮನ ಹೊಲಿಗೆ ಯಂತ್ರದ ಜಗಳದಲ್ಲಿ ತಪ್ಪು ಯಾರದೆಂದು ನೋಡುತ್ತ ಕೂರಲು ನನಗೀಗ ಪುರುಸೊತ್ತಿಲ್ಲ. ಯಂತ್ರ ನೀನೇ ಇಟ್ಟುಕೋ ಮಾರಾಯ್ತಿ. ಸೂಜಿ ಮುರಿದಿದೆ, ಅದನ್ನೂ ಹಾಕಿಸಿ ಕೊಡುತ್ತೇನೆ.

ನನ್ನ ಗಂಟಲಲ್ಲಿ ಗಡ್ಡೆಯಾಗಿದೆ. ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದುಕೊಂಡು ಬಿಸಿನೀರು ಕುಡಿಯುತ್ತ ಕೂತೆ, ದಡ್ಡಿ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಬೇಗ ತೆಗೆದರೆ ಜೀವಕ್ಕೆ ಮೋಸವಿಲ್ಲ ಎಂದರು ಡಾಕ್ಟರು. ಸೋಮವಾರ ಆಪರೇಷನ್. ಈಗಲೇ ಬಾಯಿ ಬಿಟ್ಟರೆ ಬರೀ ಗಾಳಿ ಬರುತ್ತದೆ. ಜಗಳದಲ್ಲಿ ನಿನ್ನನ್ನು ಗೆಲ್ಲುತ್ತಿದ್ದ ಬಾಯಿ ನೋಡು ಇದು.

ನನಗೆ ನನ್ನ ಚಿಂತೆಯಿಲ್ಲ ಕಣೇ, ಮಗಳದೇ ಚಿಂತೆ. ನಮ್ಮ ಚಿನಕುರುಳಿ, ನೀನು ಹೋದಾಗ ಎರಡು ವರ್ಷದ ಕೂಸು, ಈಗ ಅವಳಿಗೆ ನಾಲ್ಕು. ಚಿತ್ರದ ಪುಸ್ತಕ ಓದದೆ ಮಲಗುವವಳಲ್ಲ. ನಿನ್ನ ಭಾವ ಪಾಪ, ಓದುತ್ತಾರೆ. ಆದರೆ ದಿನವಿಡೀ ಫ್ಯಾನು, ಮಿಕ್ಸಿ ರಿಪೇರಿ ಮಾಡುವ ಮನುಷ್ಯ, ಆನೆಯ ಕಥೆಯನ್ನೂ ಮಿಕ್ಸಿಯ ಡಬ್ಬದಲ್ಲಿ ಬರುವ ಚೀಟಿಯಂತೆ ಓದುತ್ತಾರೆ. “ಆನೆ ಸೀನಿತು. ಮುಂದಿನ ಪುಟ.” ಅವಳು ಪುಸ್ತಕ ಕಿತ್ತುಕೊಂಡು ತಂದು ನನ್ನ ತೊಡೆಯ ಮೇಲಿಡುತ್ತಾಳೆ. ಗಂಟಲಿಗೆ ಹುಷಾರಿಲ್ಲ ಎಂದು ಅವರು ಹೇಳಿದರೆ, “ಕೆಮ್ಮೇ ಇಲ್ವಲ್ಲ!” ಎನ್ನುತ್ತಾಳೆ. ಮೊನ್ನೆ ಪುಸ್ತಕಗಳನ್ನೆಲ್ಲ ಮಂಚದ ಕೆಳಗೆ ತಳ್ಳಿ, “ಅಮ್ಮ ನನ್ ಜೊತೆ ಟೂ ಬಿಟ್ಟಿದಾಳೆ” ಅಂದಳು. ಅಂದಿನಿಂದ ನನ್ನ ಹತ್ತಿರ ಮಲಗುತ್ತಿಲ್ಲ.

ಹಳೆಯ ವಿಡಿಯೋ ಇಲ್ಲವೇ ಎಂದು ಕೇಳಬೇಡ. ಬೇಕಾದಷ್ಟಿವೆ. ಎಲ್ಲದರಲ್ಲೂ ಅವಳು ಕುಣಿಯುತ್ತಾಳೆ, ನಾನು ಹಿಂದಿನಿಂದ “ಬೀಳ್ತೀಯಾ, ಇಳಿಯೇ” ಎನ್ನುತ್ತೇನೆ, ಅಷ್ಟೇ. ಕಳೆದ ತಿಂಗಳು ಹರಕು ಗಂಟಲಲ್ಲೇ ಒಂದು ಕಥೆ ರೆಕಾರ್ಡ್ ಮಾಡಿದೆ. ಕೇಳಿ, “ಈ ಅಜ್ಜಿ ಯಾರು?” ಅಂದಳು. ಇನ್ನು ನನ್ನ ಧ್ವನಿ ಉಳಿದಿರುವುದು ಬಸ್ ನಿಲ್ದಾಣದ ರೆಕಾರ್ಡಿನಲ್ಲಿ, “ಪ್ರಯಾಣಿಕರ ಗಮನಕ್ಕೆ” ಎಂದು. ಅದನ್ನು ಕೇಳಿಸಿ ಮಗುವನ್ನು ಮಲಗಿಸಲಾಗುತ್ತದೆಯೇ, ನೀನೇ ಹೇಳು.

ನಾವು ಫೋನ್ ಮಾಡಿದಾಗಲೆಲ್ಲ ಅಪ್ಪ ಮೊದಲು ಕೇಳುತ್ತಿದ್ದದ್ದು ನೆನಪಿದೆಯೇ? “ದೊಡ್ಡದೋ, ಚಿಕ್ಕದೋ?” ಹೆತ್ತಪ್ಪನಿಗೇ ಗುರುತು ಸಿಗುತ್ತಿರಲಿಲ್ಲ. ನನ್ನ ಧ್ವನಿ ಈ ಭೂಮಿಯ ಮೇಲೆ ಇನ್ನೊಂದು ಗಂಟಲಲ್ಲಿ ಉಳಿದಿದೆ ಕಣೇ, ಅದು ನಿನ್ನದು. ಬಂದು ಅವಳಿಗೆ ಓದು. ಕಾಲಿಗೆ ಬೀಳಬೇಕೇ? ಬೀಳುತ್ತೇನೆ, ದೊಡ್ಡವಳು ಎಂಬ ಬಿಗುಮಾನವೆಲ್ಲ ಇಳಿದುಹೋಗಿದೆ.

ಕಷ್ಟವೇನಿಲ್ಲ. ಚಿತ್ರ ಎಷ್ಟೇ ಚೆಂದವಿದ್ದರೂ ಮಾತು ನಾಲಿಗೆಯ ಮೇಲೆ ಕುಣಿಯದಿದ್ದರೆ ಅದು ಓದಿ ಹೇಳುವ ಪುಸ್ತಕವಲ್ಲ, ಅಂಥವನ್ನೆಲ್ಲ ಆಚೆಗಿಟ್ಟಿದ್ದೇನೆ. ಆನೆಯ ಪುಸ್ತಕದಲ್ಲಿ “ಆ... ಆ... ಆ...” ಎಂದು ಎಳೆಯುತ್ತ ಹೋಗಿ ನಿಲ್ಲಿಸಬೇಕು. ಪುಟ ತಿರುಗಿಸುವುದು ಅವಳ ಕೆಲಸ. ತಿರುಗಿಸಿದ ಮೇಲೆಯೇ “ಕ್ಷೀ!” ಒಂದು ಗಳಿಗೆ ಮೊದಲು ಸೀನಿದೆಯೋ, ಮತ್ತೆ ಮೊದಲಿಂದ ಓದಿಸುತ್ತಾಳೆ. ಕನ್ನಡಕ ಕಳೆದುಕೊಂಡ ಗೂಬೆಯ ಕಥೆಯಲ್ಲಿ ಎಮ್ಮೆಯನ್ನು ನೋಡಿ “ನಮಸ್ಕಾರ ಬಂಡೆಯವರೇ” ಎನ್ನಬೇಕು, ಅದೂ ಬಹಳ ಗಂಭೀರವಾಗಿ. ಅವಳು ಬಿದ್ದು ಬಿದ್ದು ನಕ್ಕು ತಿದ್ದುವವರೆಗೂ ನೀನಾಗಿ ಸರಿಮಾಡಬಾರದು. ಮರಿಗಳನ್ನು ಮಲಗಿಸುವ ಕೋಳಿಯ ಕಥೆ ಕೊನೆಗೆ. ಅದನ್ನು ಪುಟದಿಂದ ಪುಟಕ್ಕೆ ಧ್ವನಿ ತಗ್ಗಿಸುತ್ತ ಓದು. ಅದರ ಕಡೆಯ ಪುಟದಲ್ಲಿ ಮಾತೇ ಇಲ್ಲ, ಕತ್ತಲೆ ಕೋಣೆಯ ಚಿತ್ರ ಮಾತ್ರ. ಅಲ್ಲಿ ಅವಳು ನನ್ನ ಬೆರಳು ಹಿಡಿದುಕೊಂಡು ಕಣ್ಣು ಮುಚ್ಚುತ್ತಾಳೆ. ಆ ಒಂದು ಪುಟ ನನಗೆ ಬಿಡು.

ಅಣ್ಣ ನಾಳೆ ನಿಮ್ಮೂರ ಕಡೆ ಬರುತ್ತಾನೆ, ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಬಯ್ಯಬೇಡ, ಅವನದೇನೂ ತಪ್ಪಿಲ್ಲ. ನಿನ್ನ ಭಾವ ಕೇಳಿದ್ದಾರೆಂದು ತಿಳಿ. ಎಲ್ಲಿದ್ದರೂ ತಣ್ಣಗಿರು, ನನ್ನ ಆಯಸ್ಸೂ ನಿನಗಿರಲಿ.

ಇಂತಿ, ನಿನ್ನನ್ನು ಎತ್ತಿ ಆಡಿಸಿದ
ಅಕ್ಕ

ತಾ.ಕ.: ಬೆಳಗಾಯಿತು, ಅಣ್ಣ ಹೊರಟು ನಿಂತಿದ್ದಾನೆ. ಸೋಮವಾರದೊಳಗೆ ಬರಲಾಗದಿದ್ದರೆ ಫೋನಾದರೂ ಮಾಡು. ನಾನು ಎತ್ತುವುದಿಲ್ಲ, ಅವಳೇ ಓಡಿಬಂದು ಎತ್ತುತ್ತಾಳೆ. ನೀನು ಹಲೋ ಎಂದ ಕೂಡಲೇ “ಅಮ್ಮಾ!” ಎಂದು ಕೂಗುತ್ತಾಳೆ. ಅಲ್ಲ, ನಾನು ಚಿಕ್ಕಮ್ಮ ಎಂದು ತಕ್ಷಣ ತಿದ್ದಬೇಡ ಕಣೇ, ನಿನ್ನ ದಮ್ಮಯ್ಯ. ಮೊದಲು ಒಂದು ಸಲ ಆನೆಯ ಸೀನು ಸೀನು. ಆಮೇಲೆ ಹೇಳು.