ನಮ್ಮ ಅಂಗಡಿಯ ಕಾಫಿಪುಡಿ

ಯೋಗಿ,

ಫಿಲ್ಟರಿನಲ್ಲಿ ಡಿಕಾಕ್ಷನ್ ಇದೆ. ಹಾಲು ಬಿಸಿ ಮಾಡಿಕೊಂಡು ಪೂರ್ತಿ ಕುಡಿ. ಇವತ್ತಿನದು ನಮ್ಮ ಅಂಗಡಿಯ ಪುಡಿ. ಅದರ ರುಚಿ ಕೆಟ್ಟಾಗಿನಿಂದ, ನಿನ್ನ ಬಾಯಿ ಕೆಡಬಾರದೆಂದು ಮನೆಯಲ್ಲೇ ಕಾಫಿಬೀಜ ಹುರಿದು ಬೀಸಿ ಕೊಡುತ್ತಿದ್ದೆ. ಅದು ನನ್ನ ತಪ್ಪು.

ನಿನ್ನೆ ಮದ್ದೂರಿನ ನಮ್ಮ ಅಂಗಡಿಗೆ ಹೋಗಿದ್ದೆ. ನೀನು ನೇಮಿಸಿದ ಮ್ಯಾನೇಜರ್ ನನ್ನ ಎದುರಿಗೇ ಕಾಫಿಪುಡಿಗೆ ಹುಣಸೆಬೀಜದ ಪುಡಿ ಬೆರೆಸುತ್ತಿದ್ದ. ಯಜಮಾನರಿಗೆ ಗೊತ್ತೇನಪ್ಪ ಎಂದೆ.

"ಅವ್ರು ಬರಾದು ಆಯುಧಪೂಜೆಗೆ ಕಣಮ್ಮ. ಮಿಸನ್ನಿಗೆ ಕುಂಕುಮ ಇಟ್ಬುಟ್ಟು ಓಯ್ತಾರೆ" ಅಂದ.

ನಿನ್ನ ತಾಯಿ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.

ನಮಗೆ ಏಜೆನ್ಸಿ ಕೊಟ್ಟ ಕಾಫಿ ಕಂಪನಿಯವರಿಗೆ ತಿಳಿದರೆ ಬೋರ್ಡು ಇಳಿಸಿ ಅದನ್ನು ಕಿತ್ತುಕೊಳ್ಳುತ್ತಾರೆ. ನಿನ್ನ ಹತ್ತಿರವಿದ್ದ ಅಂಗಡಿಯ ಬೀಗದ ಕೈ ತೆಗೆದುಕೊಂಡಿದ್ದೇನೆ. ಇವತ್ತು ಅಂಗಡಿಯಲ್ಲಿ ನಾನು ಕೂರುತ್ತೇನೆ. ಹುಳಿ ಅನ್ನ ಮುಚ್ಚಿಟ್ಟಿದ್ದೇನೆ, ಉಂಡು ಅಲ್ಲಿಗೆ ಬಾ.

ಕಾಫಿ ಲೋಟ ತೊಳೆಯಬೇಡ. ಎಷ್ಟು ಕುಡಿದೆ ಎಂದು ಬಂದು ನೋಡುತ್ತೇನೆ.

ಅಮ್ಮ